ಅರ್ಹತೆಯ ಅಳತೆಗೋಲು: ಪಾಲವಣಕರ ಬಾಳೂ ಅವರಿಂದ ರೂನಿ ನಿಯಮದವರೆಗೆ

ವೃತ್ತಿಪರ ಕ್ರೀಡಾತಂಡಗಳಿಗೆ ಆಟಗಾರರನ್ನು, ನಾಯಕರನ್ನು, ತರಬೇತುದಾರರನ್ನು ಆರಿಸುವಾಗ ಅರ್ಹತೆಯೊಂದೇ ಮಾನದಂಡವಾಗಿರಬೇಕೇ, ಸಮಾಜದ ಬೇರೆಬೇರೆ ವರ್ಗಗಳ ಪ್ರಾತಿನಿಧ್ಯವನ್ನೂ ಗಮನಿಸಬೇಕೇ ಎಂಬ ಪ್ರಶ್ನೆ ಕಳೆದ ಕೆಲವು ದಶಕಗಳಿಂದ ಹಲವು ದೇಶಗಳಲ್ಲಿ ಚರ್ಚಿತವಾಗುತ್ತಿದೆ. ಪ್ರಾತಿನಿಧ್ಯವನ್ನು ತಂದರೆ ಆಟದ ಗುಣಮಟ್ಟ ಕುಸಿಯುತ್ತದೆ ಎನ್ನುವುದು ಒಂದು ಪಕ್ಷ. ಗುಣಮಟ್ಟ ಸ್ವಲ್ಪ ಕುಸಿದರೂ ಚಿಂತೆಯಿಲ್ಲ, ನ್ಯಾಯ ದೊಡ್ಡದು ಎನ್ನುವುದು ಇನ್ನೊಂದು ಪಕ್ಷ. ಪರಸ್ಪರ ವಿರುದ್ಧವಾದ ಈ ಎರಡು ಪಕ್ಷಗಳೂ ಒಂದು ವಿಷಯವನ್ನು ಮಾತ್ರ ಸಮಾನವಾಗಿ ನಂಬಿವೆ: ಪ್ರಾತಿನಿಧ್ಯದ ಮಾತು ಹುಟ್ಟುವುದಕ್ಕೆ ಮೊದಲು ಆಯ್ಕೆಯು ಶುದ್ಧ ಅರ್ಹತೆಯ ಮೇಲೆಯೇ ನಡೆಯುತ್ತಿತ್ತು ಎಂಬುದನ್ನು. ಈ ನಂಬಿಕೆ ಚಾರಿತ್ರಿಕವಾಗಿ ಎಷ್ಟರಮಟ್ಟಿಗೆ ನಿಲ್ಲುತ್ತದೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಹಾಗೆ ಪರಿಶೀಲಿಸುವಾಗ ಎರಡು ಬಗೆಯ ಅರ್ಹತೆಗಳನ್ನು ಬೇರ್ಪಡಿಸಿ ನೋಡುವುದು ಅವಶ್ಯಕ. ಒಂದು, ಆಟದ ಕೌಶಲ. ಇದು ಬಯಲಿನಲ್ಲಿ, ಸಾವಿರಾರು ಜನರ ಎದುರಿನಲ್ಲಿ ಪ್ರಕಟವಾಗುತ್ತದೆ. ಓಟಗಳ, ವಿಕೆಟ್ಟುಗಳ ಲೆಕ್ಕದಲ್ಲಿ ದಾಖಲಾಗುತ್ತದೆ. ಇನ್ನೊಂದು, ಆಟವನ್ನು ನಡೆಸುವ ಅಧಿಕಾರಕ್ಕೆ ಬೇಕಾದ ಅರ್ಹತೆ. ನಾಯಕನೋ ತರಬೇತುದಾರನೋ ಆಗಬಲ್ಲವನು ಯಾರು ಎಂಬುದನ್ನು ಅವಕಾಶ ಕೊಡುವ ಮೊದಲೇ ಅಳೆದು ಹೇಳುವ ಅಂಕಿ ಯಾವುದೂ ಇಲ್ಲ. ಅಲ್ಲಿ ಆರಿಸುವವರ ಅಭಿಪ್ರಾಯವೇ ಅಳತೆಗೋಲು.

ಕನ್ನಡ ಸಾಹಿತ್ಯದ ವಿದ್ಯಾರ್ಥಿಗಳಿಗೆ ಈ ಭೇದ ಅಪರಿಚಿತವೇನಲ್ಲ. ಪಂಪನ ‘ವಿಕ್ರಮಾರ್ಜುನ ವಿಜಯ’ದಲ್ಲಿ ಕರ್ಣನ ಕುಲದ ಮಾತು ಎರಡು ಮುಖ್ಯ ಸಂದರ್ಭಗಳಲ್ಲಿ ಏಳುತ್ತದೆ. ಮೊದಲನೆಯದು ಕುಮಾರರ ಶಸ್ತ್ರವಿದ್ಯಾಪ್ರದರ್ಶನದ ರಂಗದಲ್ಲಿ. ಎರಡನೆಯದು ಸೇನಾಧಿಪತ್ಯದ ಪಟ್ಟವನ್ನು ಭೀಷ್ಮನಿಗೆ ಕಟ್ಟುವ ಸಭೆಯಲ್ಲಿ. ರಂಗದಲ್ಲಿ ಎದ್ದ ಪ್ರಶ್ನೆಗೆ ದುರ್ಯೋಧನನು ಅಂಗರಾಜ್ಯವನ್ನು ಕೊಟ್ಟು ಅಲ್ಲಿಯೇ ಉತ್ತರ ಹೇಳುತ್ತಾನೆ. ಸೇನಾಧಿಪತ್ಯವಾದರೋ ಭೀಷ್ಮ, ದ್ರೋಣರಿಬ್ಬರೂ ರಣದಲ್ಲಿ ಬಿದ್ದ ಮೇಲೆಯೇ ಕರ್ಣನಿಗೆ ಬರುತ್ತದೆ. ಬಿಲ್ವಿದ್ಯೆಗೆ ಮನ್ನಣೆ ದೊರೆತ ಕಾಲಕ್ಕೂ ದಂಡನಾಯಕತ್ವ ದೊರೆತ ಕಾಲಕ್ಕೂ ನಡುವಿನ ಇಂಥ ಅಂತರವು ಆಧುನಿಕ ಕ್ರೀಡೆಯ ಚರಿತ್ರೆಯಲ್ಲಿ ಮತ್ತೆ ಮತ್ತೆ ಎದುರಾಗುತ್ತದೆ. ಅದಕ್ಕೆ ನಮ್ಮ ನೆಲದ್ದೇ ಆದ ಉದಾಹರಣೆಯಿಂದ ಆರಂಭಿಸಬಹುದು.

1. ಪುಣೆಯ ನೆಟ್ಸ್‌ನಿಂದ ಮುಂಬಯಿಯ ಜಿಮ್ಖಾನಾಕ್ಕೆ

ಪಾಲವಣಕರ ಬಾಳೂ ಹುಟ್ಟಿದ್ದು 1870ರ ದಶಕದ ನಡುವಿನಲ್ಲಿ, ಅಂದು ಮುಂಬಯಿ ಪ್ರಾಂತಕ್ಕೆ ಸೇರಿದ್ದ ನಮ್ಮ ಧಾರವಾಡದಲ್ಲಿ. ಮನೆತನದ ಮೂಲ ಕೊಂಕಣ ಸೀಮೆ. ಜಾತಿಯಿಂದ ಅವರು ಚಾಂಭಾರರು, ಎಂದರೆ ತೊಗಲಿನ ಕಸುಬಿನ, ಅಂದು ಅಸ್ಪೃಶ್ಯವೆಂದು ಪರಿಗಣಿತವಾಗಿದ್ದ ಸಮುದಾಯದವರು. ತಂದೆ ಸೈನ್ಯದ ಸೇವೆಯಲ್ಲಿದ್ದರು. ಕುಟುಂಬ ಪುಣೆಯಲ್ಲಿ ನೆಲೆಸಿದಾಗ ಬಾಳೂ ಮತ್ತು ಅವರ ತಮ್ಮ ಶಿವರಾಮ, ಸೈನ್ಯಾಧಿಕಾರಿಗಳು ಬಿಸುಟ ಬ್ಯಾಟು ಚೆಂಡುಗಳಿಂದ ಆಟ ಕಲಿತರು.

ಬಾಳೂ ಅವರಿಗೆ ಕ್ರಿಕೆಟ್ಟಿನ ಬಯಲಿಗೆ ಪ್ರವೇಶ ಸಿಕ್ಕಿದ್ದು ಆಟಗಾರರಾಗಿ ಅಲ್ಲ, ಆಳಾಗಿ. ಪುಣೆಯಲ್ಲಿ ಪಾರ್ಸಿಗಳ ಕ್ಲಬ್ಬೊಂದರಲ್ಲಿ ಪಿಚ್ ಗುಡಿಸಿ, ರೋಲರ್ ಎಳೆಯುವ ಕೆಲಸ. ಸಂಬಳ ತಿಂಗಳಿಗೆ ಮೂರು ರೂಪಾಯಿ. ಆಮೇಲೆ ಯುರೋಪಿಯನ್ನರ ಪೂನಾ ಕ್ಲಬ್ಬಿನಲ್ಲಿ ನಾಲ್ಕು ರೂಪಾಯಿಯ ಸಂಬಳ. ನೆಟ್ಸ್ ಕಟ್ಟುವುದು, ನೆಲ ಹಸನುಮಾಡುವುದು, ಟೆನಿಸ್ ಅಂಗಳಕ್ಕೆ ಗೆರೆ ಎಳೆಯುವುದು ಇವೇ ಮೊದಲಾದ ಕೆಲಸಗಳ ನಡುವೆ ಬಿಳಿಯ ಸದಸ್ಯರಿಗೆ ಅಭ್ಯಾಸಕ್ಕಾಗಿ ಚೆಂಡೆಸೆಯುವ ಅವಕಾಶ ದೊರೆಯಿತು. ಎಡಗೈ ನಿಧಾನ ಬೌಲಿಂಗಿನಲ್ಲಿ ಅವರು ಪಳಗಿದ್ದು ಅಲ್ಲಿ. ಅಂದಿನ ಹೆಸರಾಂತ ದಾಂಡಿಗ ಕ್ಯಾಪ್ಟನ್ ಗ್ರೇಗ್, ಬಾಳೂ ತಮ್ಮನ್ನು ಔಟ್ ಮಾಡಿದ ಪ್ರತಿ ಸಲವೂ ಎಂಟಾಣೆ ಕೊಡುತ್ತಿದ್ದರೆಂಬ ಕಥೆ ಪ್ರಚಲಿತವಾಗಿದೆ. ಇಷ್ಟಾದರೂ ಆ ನೆಟ್ಸ್‌ನಲ್ಲಿ ಬ್ಯಾಟ್ ಹಿಡಿಯುವ ಅವಕಾಶ ಬಾಳೂ ಅವರಿಗೆ ಸಿಗಲಿಲ್ಲ. ಬೌಲಿಂಗ್ ದುಡಿಮೆಯ ಕೆಲಸ, ಬ್ಯಾಟಿಂಗ್ ದೊರೆಗಳ ಆಟ ಎಂಬ ವಿಭಜನೆ ಅಲ್ಲಿ ಮಾತಿಲ್ಲದೆ ಜಾರಿಯಲ್ಲಿತ್ತು.

ಯುರೋಪಿಯನ್ನರನ್ನು ಸೋಲಿಸಬೇಕೆಂಬ ಹಂಬಲವಿದ್ದ ಪುಣೆಯ ಹಿಂದೂ ಕ್ಲಬ್ಬಿಗೆ ಬಾಳೂ ಅವರ ಬೌಲಿಂಗ್ ಬೇಕಾಗಿತ್ತು. ಜೊತೆಯಲ್ಲಿ ಅವರನ್ನು ಸೇರಿಸಿಕೊಳ್ಳುವ ವಿಷಯದಲ್ಲಿ ಸದಸ್ಯರ ನಡುವೆ ಒಡಕೂ ಇತ್ತು. ಕೊನೆಗೆ ಸೇರಿಸಿಕೊಂಡರು. ಆ ಸೇರ್ಪಡೆಯ ರೀತಿಯನ್ನು ಚರಿತ್ರಕಾರರು ದಾಖಲಿಸಿದ್ದಾರೆ. ಬಯಲಿನಲ್ಲಿ ಎಲ್ಲರೂ ಬಾಳೂ ಮುಟ್ಟಿದ ಚೆಂಡನ್ನೇ ಮುಟ್ಟುತ್ತಿದ್ದರು. ವಿರಾಮದ ವೇಳೆ ಉಳಿದವರು ಪೆವಿಲಿಯನ್ನಿನ ಒಳಗೆ ಪಿಂಗಾಣಿಯ ಬಟ್ಟಲಿನಲ್ಲಿ ಚಹ ಕುಡಿದರೆ, ಬಾಳೂ ಅವರಿಗೆ ಹೊರಗೆ, ಬಿಸಾಡುವ ಮಣ್ಣಿನ ಕುಡಿಕೆಯಲ್ಲಿ ಚಹ, ಊಟವೂ ಪ್ರತ್ಯೇಕ. ಅರ್ಹತೆಗೆ ಮನ್ನಣೆ ಸಿಕ್ಕಿರಲಿಲ್ಲ ಎನ್ನುವಂತಿಲ್ಲ, ಸಿಕ್ಕಿತ್ತು. ಆ ಮನ್ನಣೆಯ ಗಡಿ ಬಯಲಿನ ಅಂಚಿಗೆ ಮುಗಿಯುತ್ತಿತ್ತು.

1896ರ ಪ್ಲೇಗಿನ ಕಾಲದಲ್ಲಿ ಬಾಳೂ ಮುಂಬಯಿಗೆ ಬಂದರು. ಅಲ್ಲಿಯೂ ವಿರೋಧವನ್ನು ದಾಟಿಯೇ ಹಿಂದೂ ಜಿಮ್ಖಾನಾ ಸೇರಬೇಕಾಯಿತು. ರೈಲ್ವೆಯಲ್ಲಿ ನೌಕರಿ ದೊರೆತು ಅದರ ತಂಡಕ್ಕೂ ಆಡಿದರು. 1906ರಲ್ಲಿ ಮುಂಬಯಿಯಲ್ಲಿ ನಡೆದ ಪಂದ್ಯದಲ್ಲಿ ಹಿಂದೂ ತಂಡವು ಯುರೋಪಿಯನ್ನರನ್ನು 109 ರನ್ನುಗಳಿಂದ ಸೋಲಿಸಿತು. ಬಾಳೂ, ಶಿವರಾಮ ಇಬ್ಬರೂ ಆ ತಂಡದಲ್ಲಿದ್ದರು. ಈ ಗೆಲುವನ್ನು ಅಂದಿನ ಸುಧಾರಣಾವಾದಿ ಪತ್ರಿಕೆಗಳು ಕ್ರೀಡೆಯ ಗೆಲುವೆಂದಷ್ಟೇ ಅಲ್ಲದೆ ಜಾತಿಯ ಕಟ್ಟು ಸಡಿಲವಾದುದರ ಫಲವೆಂದೂ ಕೊಂಡಾಡಿದವು.

2. ನಾಯಕತ್ವದ ಪ್ರಶ್ನೆ

1911ರಲ್ಲಿ ಭಾರತದ ತಂಡವೊಂದು ಮೊದಲ ಬಾರಿಗೆ ಇಂಗ್ಲೆಂಡ್ ಪ್ರವಾಸ ಮಾಡಿತು. ನಮ್ಮ ಚರ್ಚೆಗೆ ಈ ತಂಡದ ರಚನೆಯೇ ಒಂದು ಪಠ್ಯ. ಅದರಲ್ಲಿ ಆರು ಮಂದಿ ಪಾರ್ಸಿಗಳು, ಐವರು ಹಿಂದೂಗಳು, ಮೂವರು ಮುಸಲ್ಮಾನರು. ಮೇಲೆ ನಾಯಕರಾಗಿ ಪಟಿಯಾಲದ ಮಹಾರಾಜ ಭೂಪಿಂದರ್ ಸಿಂಗ್. ಮತವಾರು ಹಂಚಿಕೆಯ ಈ ಆಯ್ಕೆಯನ್ನು ಆಗ ಯಾರೂ ಅರ್ಹತೆಗೆ ಬಂದ ಕುತ್ತೆಂದು ಭಾವಿಸಲಿಲ್ಲ. ಮಹಾರಾಜರಿಗೆ ಆಗ 19 ವರ್ಷ ವಯಸ್ಸು. ಅವರು ನಾಯಕರಾದದ್ದು ಸಂಸ್ಥಾನದ ಗದ್ದುಗೆಯ ಬಲದಿಂದ. ಪ್ರವಾಸದ ಬಹುಪಾಲು ಪಂದ್ಯಗಳನ್ನು ಅವರು ಆಡಲೇ ಇಲ್ಲ. ತಂಡದ ಬಹುತೇಕ ಭಾರವನ್ನು ಹೊತ್ತವರು ಬಾಳೂ. ಪ್ರವಾಸದ ಒಟ್ಟು ಪಂದ್ಯಗಳಲ್ಲಿ ಅವರು ಪಡೆದ ವಿಕೆಟ್ಟುಗಳು 114. ಹುಟ್ಟಿನಿಂದ ಬಂದ ನಾಯಕತ್ವವೂ ಕೈಚಳಕದಿಂದ ಬಂದ ಬೌಲಿಂಗೂ ಒಂದೇ ತಂಡದಲ್ಲಿ ಅಕ್ಕಪಕ್ಕ ಇದ್ದವು. ಮೊದಲನೆಯದನ್ನು ‘ಮೀಸಲು’ ಎಂದು ಕರೆಯುವ ರೂಢಿ ಅಂದಿರಲಿಲ್ಲ, ಇಂದೂ ಕಡಿಮೆಯೇ.

ಪ್ರವಾಸ ಮುಗಿಸಿ ಬಂದ ಬಾಳೂ ದೇಶದ ಶ್ರೇಷ್ಠ ಬೌಲರ್ ಎನಿಸಿಕೊಂಡಿದ್ದರು. ಆದರೂ ಹಿಂದೂ ತಂಡದ ನಾಯಕತ್ವ ಅವರಿಗೆ ಬರಲಿಲ್ಲ. 1913ರಲ್ಲಿ ನಾಯಕರಾಗಿ ಆಯ್ಕೆಯಾದ ಎಂ.ಡಿ. ಪೈ ಅವರೇ, ಹಿರಿಯರೂ ಅನುಭವಿಗಳೂ ಆದ ಬಾಳೂ ಅವರಿಗೆ ಈ ಗೌರವ ಸಲ್ಲಬೇಕಾಗಿತ್ತೆಂದು ಬಹಿರಂಗವಾಗಿ ಹೇಳಿದ್ದು ಗಮನಾರ್ಹ. ಜೊತೆಯಲ್ಲಿ ಆಡಿದವರಿಗೆ ಕಂಡದ್ದು ಆರಿಸುವ ಸಮಿತಿಗೆ ಕಾಣಲಿಲ್ಲ.

1920ರ ಹೊತ್ತಿಗೆ ಪ್ರಶ್ನೆ ತಮ್ಮನ ತಲೆಮಾರಿಗೆ ದಾಟಿತ್ತು. ಪಾಲವಣಕರ ವಿಠ್ಠಲ ತಂಡದ ಶ್ರೇಷ್ಠ ದಾಂಡಿಗರಲ್ಲಿ ಒಬ್ಬರಾಗಿದ್ದರು. ಆ ವರ್ಷದ ಚತುಷ್ಕೋನ ಪಂದ್ಯಾವಳಿಯಲ್ಲಿ ನಾಯಕ ಪೈ ಅಸ್ವಸ್ಥರಾದಾಗ ಹಿರಿಯರಾದ ವಿಠ್ಠಲರನ್ನು ಬಿಟ್ಟು ಪುಣೆಯ ಡಿ.ಬಿ. ದೇವಧರರಿಗೆ ನಾಯಕತ್ವ ವಹಿಸಲಾಯಿತು. ದೇವಧರರು ಸ್ವತಃ ಉತ್ತಮ ದಾಂಡಿಗರು, ಸಂಸ್ಕೃತದ ಪ್ರಾಧ್ಯಾಪಕರು. ಅವರ ಆಟದ ಬಗ್ಗೆ ಯಾರಿಗೂ ಆಕ್ಷೇಪವಿರಲಿಲ್ಲ. ಹಿರಿತನವನ್ನೂ ಅನುಭವವನ್ನೂ ಬದಿಗೊತ್ತಿ ಜಾತಿಯನ್ನು ನೋಡಲಾಗಿದೆ ಎಂಬುದು ಆಕ್ಷೇಪ. ವಿಠ್ಠಲ ಮತ್ತು ಶಿವರಾಮ ತಂಡದಿಂದ ಹಿಂದೆ ಸರಿದು ತಮ್ಮ ಕಾರಣವನ್ನು ಪತ್ರಿಕೆಗಳ ಮೂಲಕ ಜನರ ಮುಂದಿಟ್ಟರು. ಸಾರ್ವಜನಿಕ ಅಭಿಪ್ರಾಯ ಅವರ ಕಡೆಗೆ ವಾಲಿತು. ಮುಂದಿನ ಪಂದ್ಯಕ್ಕೆ ಪೈ ಮರಳಿದರು, ಸಹೋದರರೂ ಮರಳಿದರು, ವಯಸ್ಸಾಗಿದ್ದ ಬಾಳೂ ಅವರನ್ನು ಕರೆಸಿ ಉಪನಾಯಕರನ್ನಾಗಿ ಮಾಡಲಾಯಿತು. ಆ ಪಂದ್ಯದಲ್ಲಿ ಪೈ ಸ್ವಲ್ಪ ಹೊತ್ತು ಬಯಲಿನಿಂದ ಹೊರಗುಳಿದಾಗ ಬಾಳೂ ತಂಡವನ್ನು ನಡೆಸಿದರು. ಎರಡು ದಶಕಗಳಿಗೂ ಮೀರಿದ ಸೇವೆಗೆ ಸಂದ ನಾಯಕತ್ವ ಅಷ್ಟು.

1923ರಲ್ಲಿ ವಿಠ್ಠಲ ಹಿಂದೂ ತಂಡದ ನಾಯಕರಾದರು. ಅದೇ ವರ್ಷ ತಂಡವು ಯುರೋಪಿಯನ್ನರನ್ನು ಸೋಲಿಸಿ ಪಂದ್ಯಾವಳಿಯನ್ನು ಗೆದ್ದುಕೊಂಡಿತು. ಇಲ್ಲಿ ಕಾಲಾನುಕ್ರಮವನ್ನು ಸ್ಪಷ್ಟವಾಗಿ ಗುರುತಿಸಿಕೊಳ್ಳಬೇಕು. ಬಾಳೂ ಮುಂಬಯಿಗೆ ಬಂದು ತಮ್ಮ ಬೌಲಿಂಗನ್ನು ಒಪ್ಪಿಸಲು ಹಿಡಿದ ಕಾಲ ಕೆಲವೇ ವರ್ಷ. ಆ ಮನೆತನದವರೊಬ್ಬರು ನಾಯಕತ್ವಕ್ಕೆ ಯೋಗ್ಯರೆಂದು ಸಮಿತಿ ಒಪ್ಪುವುದಕ್ಕೆ ಹಿಡಿದ ಕಾಲ ಕಾಲು ಶತಮಾನಕ್ಕೂ ಹೆಚ್ಚು. ಅದೂ ಪಂದ್ಯ ಬಹಿಷ್ಕಾರ ಮತ್ತು ಪತ್ರಿಕೆಗಳ ಒತ್ತಡದ ಅನಂತರ.

3. ಇಂಗ್ಲೆಂಡಿನ ‘ಜಂಟಲ್‌ಮನ್’ ಮತ್ತು ‘ಪ್ಲೇಯರ್’

ಇದನ್ನು ಕೇವಲ ನಮ್ಮ ಜಾತಿವ್ಯವಸ್ಥೆಯ ವಿಕೃತಿ ಎಂದು ಬದಿಗಿಡುವಂತಿಲ್ಲ. ಅದೇ ಕಾಲದಲ್ಲಿ, ಕ್ರಿಕೆಟ್ಟಿನ ತವರಾದ ಇಂಗ್ಲೆಂಡಿನಲ್ಲಿ ವರ್ಗಭೇದವು ಇದೇ ಕೆಲಸವನ್ನು ಮಾಡುತ್ತಿತ್ತು. ಸಂಬಳ ಪಡೆಯದೆ ಆಡುವ ಮೇಲ್ವರ್ಗದವರು ‘ಜಂಟಲ್‌ಮನ್’. ಸಂಬಳಕ್ಕೆ ಆಡುವ ದುಡಿಯುವ ವರ್ಗದವರು ‘ಪ್ಲೇಯರ್’. ಇಬ್ಬರಿಗೂ ಒಂದೇ ತಂಡ, ಅನೇಕ ಮೈದಾನಗಳಲ್ಲಿ ಬೇರೆಬೇರೆ ಕೊಠಡಿ, ಬೇರೆಬೇರೆ ಬಾಗಿಲು. ಅಂಕಪಟ್ಟಿಯಲ್ಲಿ ಜಂಟಲ್‌ಮನ್ನನ ಇನಿಷಿಯಲ್ ಹೆಸರಿನ ಮೊದಲಿಗೆ, ಪ್ಲೇಯರನದು ಹೆಸರಿನ ಅನಂತರ. ನಾಯಕತ್ವ ರೂಢಿಯಿಂದ ಜಂಟಲ್‌ಮನ್ನನದು.

ಜಗತ್ತಿನ ಅತ್ಯುತ್ತಮ ದಾಂಡಿಗರಲ್ಲಿ ಒಬ್ಬರಾಗಿದ್ದ ವಾಲಿ ಹ್ಯಾಮಂಡ್ 1938ರಲ್ಲಿ ಇಂಗ್ಲೆಂಡಿನ ನಾಯಕರಾಗಬೇಕಾದಾಗ ಮೊದಲು ವೃತ್ತಿಪರ ಸ್ಥಾನವನ್ನು ತ್ಯಜಿಸಿ ಹವ್ಯಾಸಿಯಾಗಬೇಕಾಯಿತು. ಅವರ ಬ್ಯಾಟಿಂಗ್ ಬದಲಾಗಲಿಲ್ಲ. ವರ್ಗದ ಹೆಸರು ಬದಲಾಯಿತು, ಅರ್ಹತೆ ಪ್ರಾಪ್ತವಾಯಿತು. ವೃತ್ತಿಪರನಾಗಿ ಉಳಿದುಕೊಂಡೇ ಇಂಗ್ಲೆಂಡಿನ ನಾಯಕರಾಗಿ ನೇಮಕಗೊಂಡ 20ನೆಯ ಶತಮಾನದ ಮೊದಲಿಗರು ಲೆನ್ ಹಟನ್. ವರ್ಷ 1952, ಎದುರಾಳಿ ಭಾರತ. ಮರುವರ್ಷವೇ ಅವರ ನಾಯಕತ್ವದಲ್ಲಿ ಇಂಗ್ಲೆಂಡ್ ಸುಮಾರು ಎರಡು ದಶಕಗಳ ಅನಂತರ ‘ಆ್ಯಷಸ್’ ಪ್ರಶಸ್ತಿಯನ್ನು ಮರಳಿ ಪಡೆಯಿತು. ಅಂಥ ಹಟನ್‌ರನ್ನು ಅವರ ಸ್ವಂತ ಕೌಂಟಿ ಯಾರ್ಕ್‌ಷೈರ್ ಎಂದೂ ತನ್ನ ಅಧಿಕೃತ ನಾಯಕನನ್ನಾಗಿ ಮಾಡಲಿಲ್ಲ. ಹವ್ಯಾಸಿ, ವೃತ್ತಿಪರ ಎಂಬ ಭೇದ ರದ್ದಾದದ್ದು 1962ರ ಕೊನೆಯಲ್ಲಿ.

ಹವ್ಯಾಸಿ ನಾಯಕತ್ವವನ್ನು ಸಮರ್ಥಿಸಿದವರು ತಾವು ವರ್ಗಪಕ್ಷಪಾತ ಮಾಡುತ್ತಿದ್ದೇವೆಂದು ಭಾವಿಸಿರಲಿಲ್ಲ. ಹೊಟ್ಟೆಪಾಡಿಗಾಗಿ ಆಡುವವನಿಗೆ ಸ್ವತಂತ್ರ ನಿರ್ಧಾರ ಸಾಧ್ಯವಿಲ್ಲ, ಜೊತೆಯವರ ಮೇಲೆ ಹಿಡಿತ ಸಾಧ್ಯವಿಲ್ಲ ಎಂಬುದು ಅವರ ತರ್ಕ. ಎಂದರೆ ವರ್ಗವನ್ನು ಅವರು ಅರ್ಹತೆಯ ಭಾಷೆಯಲ್ಲಿಯೇ ಮಂಡಿಸಿದರು. ‘ಅರ್ಹತೆ’ ಎಂಬ ಪದದ ಅರ್ಥಚರಿತ್ರೆಯನ್ನು ಬರೆಯುವವರು ಈ ಬಗೆಯ ಪ್ರಯೋಗಗಳನ್ನು ಗಮನಿಸಲೇಬೇಕು.

4. ಅಮೆರಿಕ: ಆಟಗಾರನಿಂದ ತರಬೇತುದಾರನವರೆಗೆ

ಜಾತಿ ಮತ್ತು ವರ್ಗಗಳ ಸ್ಥಾನದಲ್ಲಿ ವರ್ಣವು ನಿಂತಾಗಲೂ ಇದೇ ಕ್ರಮ ಪುನರಾವರ್ತನೆಯಾಗುವುದನ್ನು ಅಮೆರಿಕದ ವೃತ್ತಿಪರ ಕ್ರೀಡೆಗಳಲ್ಲಿ ಕಾಣಬಹುದು. ಅಲ್ಲಿಯ ಪ್ರಧಾನ ಬೇಸ್‌ಬಾಲ್ ಲೀಗುಗಳಲ್ಲಿ 19ನೆಯ ಶತಮಾನದ ಕೊನೆಯಿಂದ ಕಪ್ಪು ಜನರಿಗೆ ಪ್ರವೇಶವಿರಲಿಲ್ಲ. ಇದನ್ನು ಹೇಳುವ ಬರೆದ ನಿಯಮವಿರಲಿಲ್ಲ; ತಂಡಗಳ ಒಡೆಯರ ನಡುವಿನ ಮೌನ ಒಪ್ಪಂದವೇ ಸಾಕಾಗಿತ್ತು. 1947ರ ಏಪ್ರಿಲ್ 15ರಂದು ಬ್ರೂಕ್ಲಿನ್ ಡಾಡ್ಜರ್ಸ್ ತಂಡದ ಪರವಾಗಿ ಜ್ಯಾಕಿ ರಾಬಿನ್ಸನ್ ಮೈದಾನಕ್ಕಿಳಿದಾಗ ಈ ಕಟ್ಟು ಮುರಿಯಿತು. ಆ ವರ್ಷ ಅವರು ಶ್ರೇಷ್ಠ ಹೊಸ ಆಟಗಾರರೆನಿಸಿದರು. 1949ರಲ್ಲಿ ತಮ್ಮ ಲೀಗಿನ ಅತ್ಯಮೂಲ್ಯ ಆಟಗಾರರೆಂಬ ಪ್ರಶಸ್ತಿ ಪಡೆದರು.

ರಾಬಿನ್ಸನ್‌ರ ಪ್ರವೇಶವು ಅದಕ್ಕೆ ಹಿಂದಿನ ಅರ್ಧ ಶತಮಾನದ ಅಂಕಿಸಂಖ್ಯೆಗಳ ಮೇಲೆ ಬೇರೆಯದೇ ಬೆಳಕು ಚೆಲ್ಲಿತು. 1948ರಲ್ಲಿ ಸ್ಯಾಚೆಲ್ ಪೇಜ್ ಎಂಬ ಪ್ರಸಿದ್ಧ ಎಸೆತಗಾರ ಪ್ರಧಾನ ಲೀಗಿಗೆ ಬಂದಾಗ ಅವರ ವಯಸ್ಸು 42. ಅವರ ಅತ್ಯುತ್ತಮ ವರ್ಷಗಳು ಪ್ರತ್ಯೇಕ ಲೀಗುಗಳಲ್ಲಿ ಕಳೆದುಹೋಗಿದ್ದವು. 1947ಕ್ಕೆ ಮೊದಲು ಆ ಲೀಗಿನಲ್ಲಿ ಸ್ಥಾಪಿತವಾದ ದಾಖಲೆಗಳು ಎಲ್ಲರೊಡನೆ ಸ್ಪರ್ಧಿಸಿ ಪಡೆದವುಗಳಲ್ಲ. ಅವುಗಳನ್ನು ಶುದ್ಧ ಅರ್ಹತೆಯ ಕಾಲದ ಸಾಕ್ಷ್ಯಗಳಾಗಿ ಎತ್ತಿ ಹೇಳುವುದು ಚಾರಿತ್ರಿಕವಾಗಿ ಸಾಧುವಲ್ಲ.

ಬಯಲಿನಲ್ಲಿ ಕಪ್ಪು ಆಟಗಾರರು ತುಂಬಿಕೊಂಡ ಮೇಲೂ ತಂಡವನ್ನು ನಡೆಸುವ ‘ಮ್ಯಾನೇಜರ್’ ಹುದ್ದೆ ಅವರ ಪಾಲಿಗೆ ಬರಲಿಲ್ಲ. 1972ರ ಅಕ್ಟೋಬರಿನಲ್ಲಿ ರಾಬಿನ್ಸನ್ ತಮ್ಮ ಕೊನೆಯ ಸಾರ್ವಜನಿಕ ಭಾಷಣದಲ್ಲಿ ಈ ಕೊರತೆಯನ್ನೇ ಎತ್ತಿ ಆಡಿ, ಕೆಲವೇ ದಿನಗಳಲ್ಲಿ ತೀರಿಕೊಂಡರು. ಫ್ರ್ಯಾಂಕ್ ರಾಬಿನ್ಸನ್ ಕ್ಲೀವ್‌ಲೆಂಡ್ ತಂಡದ ಮ್ಯಾನೇಜರ್ ಆಗಿ ಕೆಲಸ ಆರಂಭಿಸಿದ್ದು 1975ರಲ್ಲಿ. ನಡುವಿನ ಅಂತರ 28 ವರ್ಷ. ಅಲ್ಲಿಗೂ ಮುಗಿಯಲಿಲ್ಲ. 1987ರಲ್ಲಿ, ಜ್ಯಾಕಿ ರಾಬಿನ್ಸನ್ ಪ್ರವೇಶದ 40ನೆಯ ವರ್ಷದ ನೆನಪಿಗಾಗಿ ನಡೆದ ದೂರದರ್ಶನ ಕಾರ್ಯಕ್ರಮದಲ್ಲಿ ಡಾಡ್ಜರ್ಸ್ ತಂಡದ ಹಿರಿಯ ಅಧಿಕಾರಿ ಆಲ್ ಕ್ಯಾಂಪಾನಿಸ್, ಆಡಳಿತದ ಹುದ್ದೆಗಳಿಗೆ ಬೇಕಾದ ಕೆಲವು ಗುಣಗಳು ಕಪ್ಪು ಜನರಲ್ಲಿ ಇಲ್ಲದಿರಬಹುದು ಎಂಬರ್ಥದ ಮಾತಾಡಿ ಹುದ್ದೆ ಕಳೆದುಕೊಂಡರು. ಅವರು ಒಂದು ಕಾಲದಲ್ಲಿ ರಾಬಿನ್ಸನ್‌ರ ಜೊತೆಗಾರರಾಗಿ ಆಡಿದ್ದವರು. ಆಟದ ಅರ್ಹತೆಯನ್ನು ಕಣ್ಣಾರೆ ಕಂಡು ಮೆಚ್ಚಿದವರೇ ಅಧಿಕಾರದ ಅರ್ಹತೆಯನ್ನು ಸಂಶಯಿಸುವುದು ಸಾಧ್ಯ ಎಂಬುದಕ್ಕೆ ಇದು ನಿದರ್ಶನ.

ಅಮೆರಿಕನ್ ಫುಟ್‌ಬಾಲಿನ ಕಥೆ ಇನ್ನೂ ದೀರ್ಘ. 1921ರಲ್ಲಿಯೇ ಫ್ರಿಟ್ಜ್ ಪೊಲಾರ್ಡ್ ಎಂಬ ಕಪ್ಪು ಆಟಗಾರ ಆಕ್ರನ್ ತಂಡದ ತರಬೇತಿಯ ಹೊಣೆಯನ್ನೂ ಹೊತ್ತಿದ್ದರು. 1934ರಿಂದ 1945ರವರೆಗೆ ಕಪ್ಪು ಆಟಗಾರರೇ ಲೀಗಿನಿಂದ ಮಾಯವಾದರು, 1946ರಲ್ಲಿ ಮರಳಿದರು. ವಾಷಿಂಗ್‌ಟನ್ ತಂಡವಂತೂ 1962ರವರೆಗೆ ಒಬ್ಬ ಕಪ್ಪು ಆಟಗಾರನನ್ನೂ ಸೇರಿಸಲಿಲ್ಲ. ಆ ತಂಡದ ಹೊಸ ಕ್ರೀಡಾಂಗಣ ಕೇಂದ್ರ ಸರ್ಕಾರದ ನೆಲದಲ್ಲಿತ್ತು. ಸರ್ಕಾರವು ಪಟ್ಟು ಹಿಡಿದಾಗ ಒಡೆಯರು ಮಣಿದರು. ಪೊಲಾರ್ಡ್ ಅವರ ಅನಂತರ ಮತ್ತೊಬ್ಬ ಕಪ್ಪು ವ್ಯಕ್ತಿ ಮುಖ್ಯ ತರಬೇತುದಾರನಾದದ್ದು 1989ರಲ್ಲಿ. ಅವರು ಆರ್ಟ್ ಶೆಲ್. ಆಟಗಾರರ ಪುನಃಪ್ರವೇಶದಿಂದ ಎಣಿಸಿದರೆ 43 ವರ್ಷ.

5. ರೂನಿ ನಿಯಮ: ನೋಡುವ ಕಡ್ಡಾಯ

2002ರಲ್ಲಿ ವಕೀಲರಾದ ಜಾನಿ ಕಾಕ್ರನ್ ಮತ್ತು ಸೈರಸ್ ಮೆಹ್ರಿ ಈ ಲೀಗಿನ ನೇಮಕಾತಿಗಳನ್ನು ಕುರಿತು ಒಂದು ವರದಿಯನ್ನು ಪ್ರಕಟಿಸಿದರು. ಅದಕ್ಕೆ ಆಧಾರವಾದ ಅಂಕಿಅಂಶಗಳ ವಿಶ್ಲೇಷಣೆ ಅರ್ಥಶಾಸ್ತ್ರಜ್ಞೆ ಜಾನಿಸ್ ಮ್ಯಾಡನ್ ಅವರದು. ಹಿಂದಿನ 15 ಋತುಗಳಲ್ಲಿ ಕಪ್ಪು ತರಬೇತುದಾರರು ಬಿಳಿಯರಿಗಿಂತ ಋತುವೊಂದಕ್ಕೆ ಸರಾಸರಿ 1.1 ಪಂದ್ಯ ಹೆಚ್ಚು ಗೆದ್ದಿದ್ದರು ಎಂಬುದು ಅದರ ಮುಖ್ಯ ಶೋಧ. ಅಂಥ ತರಬೇತುದಾರರ ಸಂಖ್ಯೆ ಬೆರಳೆಣಿಕೆಯಷ್ಟಾದುದರಿಂದ ಈ ಸರಾಸರಿಯನ್ನು ಎಚ್ಚರದಿಂದಲೇ ಬಳಸಬೇಕು. ಆದರೂ ಇದು ಹೊರಡಿಸುವ ಅರ್ಥ ವಿಚಾರಯೋಗ್ಯ. ಇದರಿಂದ ಕಪ್ಪು ಜನರು ಸ್ವಭಾವತಃ ಉತ್ತಮ ತರಬೇತುದಾರರೆಂದು ಹೇಳಲಾಗದು. ಎರಡು ಗುಂಪಿನವರನ್ನೂ ಒಂದೇ ಮಟ್ಟದ ಪರೀಕ್ಷೆಯಿಂದ ಆರಿಸಿದ್ದರೆ ಸರಾಸರಿಗಳು ಹೆಚ್ಚುಕಡಿಮೆ ಸಮವಾಗಿರಬೇಕಾಗಿತ್ತು. ಒಂದು ಗುಂಪಿನ ಸರಾಸರಿ ಮೇಲಿದ್ದರೆ, ಆ ಗುಂಪಿನವರಲ್ಲಿ ಅಸಾಧಾರಣರನ್ನು ಮಾತ್ರ ಒಳಗೆ ಬಿಡಲಾಗಿತ್ತು, ಇನ್ನೊಂದು ಗುಂಪಿನ ಸಾಧಾರಣರಿಗೂ ಬಾಗಿಲು ತೆರೆದಿತ್ತು ಎಂದು ಊಹಿಸಲು ಆಸ್ಪದವಿದೆ. ಅರ್ಹತೆಯ ವಾದವನ್ನು ಪ್ರಾಮಾಣಿಕವಾಗಿ ನಂಬುವವರನ್ನು ಕಾಡಬೇಕಾದ ಅಂಕಿ ಇದು.

2002ರ ಋತುವಿನಲ್ಲಿ ಲೀಗಿನ 32 ತಂಡಗಳಲ್ಲಿ ಇಬ್ಬರು ಮಾತ್ರ ಕಪ್ಪು ಮುಖ್ಯ ತರಬೇತುದಾರರಿದ್ದರು. ಪಿಟ್ಸ್‌ಬರ್ಗ್ ತಂಡದ ಒಡೆಯ ಡ್ಯಾನ್ ರೂನಿ ನೇತೃತ್ವದ ಸಮಿತಿಯ ಸಲಹೆಯಂತೆ 2003ರಿಂದ ಹೊಸ ನಿಯಮವೊಂದು ಜಾರಿಗೆ ಬಂದಿತು. ಮುಖ್ಯ ತರಬೇತುದಾರನ ಹುದ್ದೆ ತೆರವಾದಾಗ ಅಲ್ಪಸಂಖ್ಯಾತ ಸಮುದಾಯದ ಒಬ್ಬ ಅಭ್ಯರ್ಥಿಯನ್ನಾದರೂ ಸಂದರ್ಶಿಸಲೇಬೇಕು ಎಂಬುದು ಆಗ ಅದರ ತಿರುಳಾಗಿತ್ತು. ನೇಮಿಸಲೇಬೇಕು ಎಂದು ಅದು ಹೇಳುವುದಿಲ್ಲ. ಆ ವರ್ಷವೇ ಡೆಟ್ರಾಯಿಟ್ ತಂಡ ನಿಯಮವನ್ನು ಕಡೆಗಣಿಸಿದಾಗ ಅದರ ಅಧ್ಯಕ್ಷರಿಗೆ 2,00,000 ಡಾಲರ್ ದಂಡ ವಿಧಿಸಲಾಯಿತು.

ನಿಯಮದ ಫಲ ಏರಿಳಿತದ್ದು. 2007ರ ಫೆಬ್ರವರಿಯ ಸೂಪರ್ ಬೌಲ್ ಪಂದ್ಯದಲ್ಲಿ ಎದುರಾದ ಎರಡೂ ತಂಡಗಳ ತರಬೇತುದಾರರು ಕಪ್ಪು ವ್ಯಕ್ತಿಗಳು: ಟೋನಿ ಡಂಜಿ ಮತ್ತು ಲವಿ ಸ್ಮಿತ್. ಅದೇ ವರ್ಷದ ಆರಂಭದಲ್ಲಿ ಪಿಟ್ಸ್‌ಬರ್ಗ್ ನೇಮಿಸಿಕೊಂಡ ಮೈಕ್ ಟಾಮ್ಲಿನ್ ಎರಡೇ ವರ್ಷಗಳಲ್ಲಿ ತಂಡಕ್ಕೆ ಸೂಪರ್ ಬೌಲ್ ಗೆದ್ದುಕೊಟ್ಟರು. ಆಗ ಅವರ ವಯಸ್ಸು 36. ಇಷ್ಟಾಗಿಯೂ 2022ರ ಫೆಬ್ರವರಿಯಲ್ಲಿ ಬ್ರಯನ್ ಫ್ಲೋರೆಸ್ ಎಂಬ ತರಬೇತುದಾರರು, ತಮ್ಮನ್ನು ಸಂದರ್ಶಿಸಿದ್ದು ನಿಯಮದ ಶಾಸ್ತ್ರ ಮುಗಿಸಲೆಂದಷ್ಟೇ ಎಂದು ಆಪಾದಿಸಿ ನ್ಯಾಯಾಲಯದ ಮೊರೆಹೋದರು. ಆ ದಿನ ಲೀಗಿನಲ್ಲಿ ಹುದ್ದೆಯಲ್ಲಿದ್ದ ಕಪ್ಪು ಮುಖ್ಯ ತರಬೇತುದಾರರು ಟಾಮ್ಲಿನ್ ಒಬ್ಬರೇ. ಕಣ್ಣಿಟ್ಟು ನೋಡುವಂತೆ ನಿಯಮ ಕಡ್ಡಾಯಮಾಡಬಲ್ಲದು. ಮನವಿಟ್ಟು ನೋಡುವಂತೆ ಮಾಡುವುದು ನಿಯಮದ ಶಕ್ತಿಗೆ ಮೀರಿದ್ದು.

6. ದಕ್ಷಿಣ ಆಫ್ರಿಕ: ಎದುರುವಾದದ ಬಲ

ಇದುವರೆಗಿನ ಉದಾಹರಣೆಗಳು ಒಂದು ಪಕ್ಷಕ್ಕೆ ಅನುಕೂಲವಾದವು. ಎದುರುಪಕ್ಷದ ವಾದಕ್ಕೂ ಗಟ್ಟಿ ನೆಲೆಯಿದೆ; ಅದು ದಕ್ಷಿಣ ಆಫ್ರಿಕದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ವರ್ಣಭೇದ ನೀತಿ ಕೊನೆಗೊಂಡ ಮೇಲೆ ಅಲ್ಲಿಯ ಕ್ರಿಕೆಟ್ ಆಡಳಿತವು ತಂಡದ ರಚನೆಗೆ ಸಂಖ್ಯೆಯ ಗುರಿಗಳನ್ನು ಹಾಕಿಕೊಂಡಿತು. 2016ರಲ್ಲಿ ಪ್ರಕಟವಾದ ಗುರಿಯಂತೆ, ಇಡೀ ಋತುವಿನ ಸರಾಸರಿಯಲ್ಲಿ ಹನ್ನೊಂದು ಮಂದಿಯಲ್ಲಿ ಆರು ಮಂದಿ ಬಿಳಿಯರಲ್ಲದವರು, ಅವರಲ್ಲಿ ಇಬ್ಬರು ಕಪ್ಪು ಆಫ್ರಿಕನ್ನರು ಇರಬೇಕು.

ಇದಕ್ಕೆ ಮೊದಲೇ, 2015ರ ವಿಶ್ವಕಪ್ಪಿನ ಸೆಮಿಫೈನಲ್ಲಿನಲ್ಲಿ ಒಳ್ಳೆಯ ಲಯದಲ್ಲಿದ್ದ ಕೈಲ್ ಆ್ಯಬಟ್‌ರನ್ನು ಬಿಟ್ಟು, ಗಾಯದಿಂದ ಚೇತರಿಸಿಕೊಂಡಿದ್ದ ವರ್ನನ್ ಫಿಲಾಂಡರ್‌ರನ್ನು ಆಡಿಸಿದ್ದು ದೊಡ್ಡ ವಿವಾದವಾಯಿತು. ಆ ಪಂದ್ಯವನ್ನು ತಂಡ ಕೊನೆಯ ಓವರಿನಲ್ಲಿ ಸೋತಿತು. ಸಂಖ್ಯೆಯ ಒತ್ತಡದಿಂದ ಈ ಬದಲಾವಣೆಯಾಯಿತೆಂಬ ಆಪಾದನೆಯನ್ನು ಆಡಳಿತ ನಿರಾಕರಿಸಿತು. ಸತ್ಯ ಏನೇ ಇರಲಿ, ಹಾನಿ ಇಬ್ಬರಿಗೂ ಆಯಿತು. ಆ್ಯಬಟ್ ಅವಕಾಶ ಕಳೆದುಕೊಂಡರು. ಟೆಸ್ಟ್ ಪಂದ್ಯಗಳಲ್ಲಿ ಒಟ್ಟು 224 ವಿಕೆಟ್ಟುಗಳನ್ನು ಪಡೆದ ಫಿಲಾಂಡರ್‌ರಂಥ ಬೌಲರೂ ಸಂಖ್ಯೆ ತುಂಬಲು ಬಂದವರೆಂಬ ಸಂಶಯಕ್ಕೆ ಗುರಿಯಾದರು. ಫಲಿತವನ್ನೇ ಮುಂಚಿತವಾಗಿ ನಿಗದಿ ಮಾಡುವ ವ್ಯವಸ್ಥೆಯಲ್ಲಿ, ನಿಜವಾದ ಅರ್ಹತೆಯುಳ್ಳವನ ಮೇಲೂ ಅನುಮಾನದ ನೆರಳು ಬೀಳುತ್ತದೆ. ಇದು ಅಲ್ಲಗಳೆಯಲಾಗದ ಮಾತು.

ಅದೇ ದೇಶದ ಇನ್ನೊಂದು ಉದಾಹರಣೆಯನ್ನು ಇದರ ಪಕ್ಕದಲ್ಲಿಡಬೇಕು. ಮಖಾಯಾ ಎನ್ಟಿನಿ ಈಸ್ಟರ್ನ್ ಕೇಪ್ ಪ್ರಾಂತದ ಮ್ಡಿಂಗಿ ಎಂಬ ಹಳ್ಳಿಯವರು. ಬಾಲ್ಯದಲ್ಲಿ ದನ ಕಾಯುತ್ತಿದ್ದವರು. ಕ್ರಿಕೆಟ್ ಮಂಡಳಿಯ ಅಭಿವೃದ್ಧಿ ಯೋಜನೆಯವರು ಗುರುತಿಸಿ, ಒಳ್ಳೆಯ ಶಾಲೆಗೆ ಸೇರಿಸಿದರು. 1998ರಲ್ಲಿ ಅವರು ದಕ್ಷಿಣ ಆಫ್ರಿಕದ ಪರವಾಗಿ ಟೆಸ್ಟ್ ಆಡಿದ ಮೊದಲ ಕಪ್ಪು ಆಫ್ರಿಕನ್ ಆಟಗಾರರಾದರು. ಮುಂದೆ 390 ಟೆಸ್ಟ್ ವಿಕೆಟ್ಟುಗಳನ್ನು ಪಡೆದರು. ಇಲ್ಲಿ ಹಸ್ತಕ್ಷೇಪ ನಡೆದದ್ದು ತಂಡದ ಪಟ್ಟಿ ಬರೆಯುವಾಗಲ್ಲ, ಅದಕ್ಕೆ ಹಲವು ವರ್ಷಗಳ ಮುಂಚೆ. ಹುಡುಕುವವರು ಹಳ್ಳಿಗೆ ಹೋಗದಿದ್ದರೆ ಆ 390 ವಿಕೆಟ್ಟುಗಳು ಲೆಕ್ಕಕ್ಕೆ ಬರುತ್ತಿರಲಿಲ್ಲ. ‘ಅಲ್ಲಿ ಅರ್ಹರಿಲ್ಲ’ ಎಂಬ ಮಾತು ಮಾತ್ರ ಉಳಿಯುತ್ತಿತ್ತು. ರಗ್ಬಿಯಲ್ಲಿ ಬಡ ಬಡಾವಣೆಯಿಂದ ವಿದ್ಯಾರ್ಥಿವೇತನದ ಮೂಲಕ ಬೆಳೆದ ಸಿಯಾ ಕೊಲಿಸಿ 2018ರಲ್ಲಿ ನಾಯಕತ್ವ ಪಡೆದು, 2019 ಮತ್ತು 2023ರ ವಿಶ್ವಕಪ್ಪುಗಳನ್ನು ತಮ್ಮ ದೇಶಕ್ಕೆ ಗೆದ್ದುಕೊಟ್ಟದ್ದೂ ಇದೇ ಬಗೆಯ ನಿದರ್ಶನ.

7. ಉಪಸಂಹಾರ

ಮೇಲಿನ ನಾಲ್ಕು ದೇಶಗಳ ಚರಿತ್ರೆಯಿಂದ ಕೆಲವು ನಿರ್ಣಯಗಳಿಗೆ ಬರಬಹುದು. ಮೊದಲನೆಯದಾಗಿ, ಪ್ರಾತಿನಿಧ್ಯದ ಪ್ರಶ್ನೆ ಏಳುವ ಮೊದಲು ಶುದ್ಧ ಅರ್ಹತೆಯ ಯುಗವೊಂದು ಇತ್ತೆಂಬ ನಂಬಿಕೆಗೆ ಆಧಾರವಿಲ್ಲ. ಜಾತಿ, ವರ್ಗ, ವರ್ಣಗಳ ಮೀಸಲಾತಿ ಅಲ್ಲಿ ಹೆಸರಿಲ್ಲದೆ ನಡೆಯುತ್ತಿತ್ತು. ಎರಡನೆಯದಾಗಿ, ಅರ್ಹತೆಯನ್ನು ಬಯಲಿನಲ್ಲಿ ಅಳೆಯಲು ಸಾಧ್ಯವಾದ ಕಡೆ, ಒಮ್ಮೆ ಬಾಗಿಲು ತೆರೆದ ಮೇಲೆ ಕೌಶಲವೇ ತನ್ನ ದಾರಿ ಮಾಡಿಕೊಂಡಿದೆ. ಅಳತೆ ಆರಿಸುವವರ ಮನಸ್ಸಿನಲ್ಲಿ ಮಾತ್ರ ಇದ್ದ ಕಡೆ, ಎಂದರೆ ನಾಯಕತ್ವ ಮತ್ತು ತರಬೇತಿಯ ಹುದ್ದೆಗಳಲ್ಲಿ, ಒತ್ತಡವಿಲ್ಲದೆ ಬಾಗಿಲು ತೆರೆದದ್ದು ವಿರಳ. ಆದ್ದರಿಂದ ನಿಯಮದ ಅವಶ್ಯಕತೆ ಹೆಚ್ಚಾಗಿರುವುದು ಅಲ್ಲಿ. ಮೂರನೆಯದಾಗಿ, ಫಲಿತವನ್ನು ನಿಗದಿಪಡಿಸುವ ನಿಯಮಕ್ಕಿಂತ ಹುಡುಕಾಟವನ್ನು ವಿಸ್ತರಿಸುವ ನಿಯಮವು ಅರ್ಹತೆಗೂ ನ್ಯಾಯಕ್ಕೂ ಹೆಚ್ಚು ಹತ್ತಿರದ್ದು. ಹುಡುಕಾಟ ಬರಿಯ ಶಾಸ್ತ್ರವಾದರೆ ಅದೂ ನಿಷ್ಫಲ.

ಪ್ರಾತಿನಿಧ್ಯವನ್ನು ಪ್ರತ್ಯೇಕ ಕೋಣೆಗಳನ್ನಾಗಿ ಕಟ್ಟಿದರೆ ಏನಾಗುತ್ತದೆ ಎಂಬುದಕ್ಕೆ ಮುಂಬಯಿಯ ಪಂದ್ಯಾವಳಿಯೇ ಎಚ್ಚರಿಕೆ. ಯುರೋಪಿಯನ್, ಪಾರ್ಸಿ, ಹಿಂದೂ, ಮುಸ್ಲಿಂ, ಇತರರು ಎಂದು ಮತಕ್ಕೊಂದು ತಂಡವಿದ್ದ ಆ ವ್ಯವಸ್ಥೆಯಲ್ಲಿ ಹೊರನೋಟಕ್ಕೆ ಎಲ್ಲರಿಗೂ ಪಾಲಿತ್ತು. ಪ್ರತಿ ತಂಡದ ಒಳಗಿನ ಮೇಲುಕೀಳು ಹಾಗೆಯೇ ಉಳಿದಿತ್ತು. ತಂಡತಂಡಗಳ ನಡುವೆ ವೈಮನಸ್ಯವೂ ಬೆಳೆಯಿತು. 1940ರಲ್ಲಿ ಗಾಂಧೀಜಿ ಈ ಪಂದ್ಯಾವಳಿಯನ್ನು ವಿರೋಧಿಸಿದರು. 1946ರಲ್ಲಿ ಅದು ನಿಂತುಹೋಯಿತು.

ಬಾಳೂ ಅವರ ಜೀವನದ ಉತ್ತರಾರ್ಧವನ್ನು ಈ ಹಿನ್ನೆಲೆಯಲ್ಲಿ ಓದಬೇಕು. 1932ರ ಪುಣೆ ಒಪ್ಪಂದಕ್ಕೆ ಸಹಿ ಹಾಕಿದವರ ಪಟ್ಟಿಯಲ್ಲಿ ಅವರ ಹೆಸರಿದೆ. ದಲಿತರಿಗೆ ಪ್ರತ್ಯೇಕ ಚುನಾಯಕ ಮಂಡಲದ ಬದಲು ಜಂಟಿ ಮತದಾನದಲ್ಲಿ ಮೀಸಲು ಸ್ಥಾನಗಳನ್ನು ಒದಗಿಸಿದ ಒಪ್ಪಂದ ಅದು. 1937ರಲ್ಲಿ ಅವರು ಕಾಂಗ್ರೆಸ್ ಅಭ್ಯರ್ಥಿಯಾಗಿ ಡಾ. ಬಿ.ಆರ್. ಅಂಬೇಡ್ಕರ್ ಅವರ ವಿರುದ್ಧ ಚುನಾವಣೆಗೆ ನಿಂತು ಸೋತರು. ಅವರ ರಾಜಕೀಯ ನಿಲುವನ್ನು ಒಪ್ಪುವುದು ಬಿಡುವುದು ಬೇರೆ ವಿಚಾರ. ನಮ್ಮ ಚರ್ಚೆಗೆ ಮುಖ್ಯವಾದುದು ಇಷ್ಟು: ಕೇವಲ ಕೈಚಳಕದ ಬಲದಿಂದ ಮೂರು ರೂಪಾಯಿಯ ಚಾಕರಿಯಿಂದ ದೇಶದ ಶ್ರೇಷ್ಠ ಬೌಲರ್ ಎಂಬ ಹೆಸರಿನವರೆಗೆ ಬೆಳೆದ ವ್ಯಕ್ತಿ, ತನ್ನ ಸಮುದಾಯದ ಉಳಿದವರಿಗೆ ಕೈಚಳಕವೊಂದೇ ಸಾಕು ಎಂದು ಹೇಳಲಿಲ್ಲ, ಸ್ಥಾನಗಳನ್ನು ಮೀಸಲಿಡುವ ಪತ್ರಕ್ಕೆ ಸಹಿ ಹಾಕಿದರು. 114 ವಿಕೆಟ್ಟುಗಳಿಗೆ ನಾಯಕತ್ವ ಬರಲಿಲ್ಲವೆಂಬುದು ಅವರಿಗೆ ಪುಸ್ತಕದಿಂದ ತಿಳಿದ ವಿಷಯವಾಗಿರಲಿಲ್ಲ. 1955ರಲ್ಲಿ ಮುಂಬಯಿಯಲ್ಲಿ ನಿಧನರಾದ ಈ ಧಾರವಾಡ ಸಂಜಾತರ ಬದುಕು, ನಮ್ಮ ವಿಶ್ವವಿದ್ಯಾಲಯಗಳಲ್ಲಿ ಅರ್ಹತೆ ಮತ್ತು ಪ್ರಾತಿನಿಧ್ಯಗಳನ್ನು ಕುರಿತು ಸಂಶೋಧನೆ ಕೈಗೊಳ್ಳುವವರಿಗೆ ಒಳ್ಳೆಯ ಆರಂಭಬಿಂದುವಾಗಬಲ್ಲದು.